ಪದಚರ್ಚೆ: ನಾರ್ವೆಯವರ ‘ಸಕ್ತೆ ಟಿವಿ’ಗೆ ಕನ್ನಡದಲ್ಲಿ ಏನೆನ್ನೋಣ?

ಗೆಳೆಯರೇ, ಒಂದು ವಾರದಿಂದ ಒಂದೇ ಪದ ತಲೆ ತಿನ್ನುತ್ತಿದೆ. ನಾರ್ವೆಯ ಟಿವಿ ಕಾರ್ಯಕ್ರಮಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಅದರಲ್ಲಿ ‘ಸಕ್ತೆ ಟಿವಿ’ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಅಲ್ಲಿನ ಭಾಷಾ ಮಂಡಳಿ 2013ರ ವರ್ಷದ ಪದವೆಂದು ಆರಿಸಿದ್ದು ಇದನ್ನೇ. ಇಂಗ್ಲಿಷಿನವರು ಸ್ಲೋ ಟಿವಿ ಅಂದು ಮುಗಿಸಿದರು. ನಾವೇನು ಅನ್ನಬೇಕು?

ಇದು ಎಂಥ ಕಾರ್ಯಕ್ರಮ ಅಂತ ಮೊದಲು ಹೇಳಿಬಿಡುತ್ತೇನೆ. ಎನ್‌ಆರ್‌ಕೆ ನಾರ್ವೆಯ ಸಾರ್ವಜನಿಕ ವಾಹಿನಿ. 2009ರ ನವೆಂಬರಿನಲ್ಲಿ ಅದು ಬರ್ಗೆನ್‌ನಿಂದ ಓಸ್ಲೋಗೆ ಹೋಗುವ ರೈಲಿನ ಪಯಣವನ್ನು ಇಡಿಯಾಗಿ ತೋರಿಸಿತು. ಆ ಮಾರ್ಗಕ್ಕೆ ಆಗ 100 ವರ್ಷ ತುಂಬಿತ್ತು. 7 ಗಂಟೆಗೂ ಜಾಸ್ತಿ ಹೊತ್ತು ಹಳಿ, ಹಿಮ, ನಿಲ್ದಾಣ, ಮತ್ತೆ ಹಳಿ. ಸುರಂಗದೊಳಗೆ ಹೋದಾಗ ಹಳೆಯ ಚಿತ್ರಗಳು. ಸುಮಾರು 12 ಲಕ್ಷ ಜನ ಇದನ್ನು ಸ್ವಲ್ಪ ಹೊತ್ತಾದರೂ ನೋಡಿದರು. ಆಗ ಇಡೀ ದೇಶದ ಜನಸಂಖ್ಯೆಯೇ 50 ಲಕ್ಷ ಮುಟ್ಟಿರಲಿಲ್ಲ! 2011ರಲ್ಲಿ ಬರ್ಗೆನ್‌ನಿಂದ ಶಿರ್ಕೆನೆಸ್‌ವರೆಗಿನ ಹಡಗಿನ ಪಯಣವನ್ನು 134 ಗಂಟೆ ನೇರಪ್ರಸಾರ ಮಾಡಿದರು. ದಂಡೆಯ ಊರುಗಳ ಜನ ಬಾವುಟ ಹಿಡಿದು ಬಂದು ಹಡಗಿಗೆ ಕೈಬೀಸಿದರು. 2013ರಲ್ಲಿ ಸೌದೆಯ ಬಗ್ಗೆಯೇ 12 ಗಂಟೆಯ ಕಾರ್ಯಕ್ರಮ. ಸೀಳುವುದು, ಒಟ್ಟುವುದು, ಆಮೇಲೆ ರಾತ್ರಿಯಿಡೀ ಒಲೆಯಲ್ಲಿ ಬೆಂಕಿ ಉರಿಯುವುದು. ಒಟ್ಟುವಾಗ ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಅಂತ ನೋಡುಗರಲ್ಲಿ ಎರಡು ಪಂಗಡವೇ ಆಯಿತು.

ಇದನ್ನು ‘ರಿಯಾಲಿಟಿ ಶೋ’ ಅನ್ನಲು ನನಗೆ ಮನಸ್ಸಿಲ್ಲ. ಆ ಮಾತು ಕೇಳಿದ ಕೂಡಲೇ ನಮಗೆ ಜಗಳ, ಮತ, ಎಲಿಮಿನೇಷನ್ ನೆನಪಾಗುತ್ತವೆ. ಅಂಥದ್ದೂ ಆ ಕಡೆಯಲ್ಲೇ ಬೆಳೆದದ್ದು ನಿಜ. ಜನರನ್ನು ದ್ವೀಪದಲ್ಲಿ ಬಿಟ್ಟು, ಅವರವರೇ ಮತ ಹಾಕಿ ಒಬ್ಬೊಬ್ಬರನ್ನು ಹೊರಗೆ ಕಳಿಸುವ ಆಟ ಮೊದಲು ಟಿವಿಗೆ ಬಂದದ್ದು 1997ರಲ್ಲಿ, ಸ್ವೀಡನ್ನಿನಲ್ಲಿ. ಅದರ ಹೆಸರು ಎಕ್ಸ್‌ಪೆಡಿಷನ್ ರಾಬಿನ್‌ಸನ್. ಅಮೆರಿಕದ ಸರ್ವೈವರ್ ಬಂದದ್ದು ಮೂರು ವರ್ಷ ಆದ ಮೇಲೆ. ಆದರೆ ಸಕ್ತೆ ಟಿವಿಯಲ್ಲಿ ಗೆಲ್ಲುವವರೂ ಇಲ್ಲ, ಸೋಲುವವರೂ ಇಲ್ಲ.

ಮೊದಲು ‘ನಿಧಾನ ಟಿವಿ’ ಅಂತ ಬರೆದೆ. ಮನೆಯಲ್ಲಿ ಓದಿ ಹೇಳಿದರೆ ಅಮ್ಮ, “ಯಾಕೆ, ನೆಟ್ ಸರಿಯಾಗಿ ಬರ್ತಿಲ್ವಾ?” ಅಂದರು. ಅವರ ತಪ್ಪಲ್ಲ. ಕೆಲಸ ನಿಧಾನ, ಬಸ್ಸು ನಿಧಾನ ಅಂದಾಗ ನಾವು ದೂರುತ್ತಲೇ ಇರುತ್ತೇವೆ. ‘ಮಂದ ಟಿವಿ’ ಅಂದರೆ ಇನ್ನೂ ಕಷ್ಟ, ಮಂದಬುದ್ಧಿಯ ನೆರಳು ಬೀಳುತ್ತದೆ. ‘ಸಾವಕಾಶ ಟಿವಿ’ ನನಗೆ ಇಷ್ಟವಾಯಿತು. ಉತ್ತರ ಕರ್ನಾಟಕದಲ್ಲಿ ‘ಸಾವಕಾಶ ಹೋಗ್ರಿ’ ಅನ್ನುವಾಗ ಅದರಲ್ಲಿ ಒಂದು ಅಕ್ಕರೆ ಇರುತ್ತದೆ. ಆದರೆ ಬೆಂಗಳೂರು, ಮೈಸೂರಿನ ಓದುಗರಿಗೆ ಅದೇ ಬಿಸುಪು ತಟ್ಟುತ್ತದಾ?

ಆಮೇಲೆ ಸಕ್ತೆಯ ಬೇರನ್ನು ಹುಡುಕಿದೆ. ಅದು ಕೆಳ ಜರ್ಮನ್‌ನಿಂದ (ಉತ್ತರ ಜರ್ಮನಿಯ ಕಡೆಯ ನುಡಿ) ನಾರ್ವೆಗೆ ಹೋದ ಪದ, ಇಂಗ್ಲಿಷಿನ ಸಾಫ್ಟ್‌ಗೆ ನಂಟು. ಅಂದರೆ ಮೊದಲು ಮೃದು, ಆಮೇಲೆ ನಿಧಾನ. ತಕ್ಷಣ ನಮ್ಮ ‘ಮೆಲ್ಲಗೆ’ ಹೊಳೆಯಿತು. ಅದೂ ಇದೇ ದಾರಿ ಹಿಡಿದ ಪದ ಅಲ್ವಾ? ಮೆಲುದನಿ, ಮೆಲುನಗೆ ಅನ್ನುವಲ್ಲಿ ಮೆಲು ಅಂದರೆ ಮೃದು. ‘ಮೆಲ್ಲಗೆ ಮಾತಾಡು’ ಅಂದರೆ ದನಿ ತಗ್ಗಿಸು. ‘ಮೆಲ್ಲಗೆ ನಡಿ’ ಅಂದರೆ ಅವಸರ ಬೇಡ. ಮಗು ಮಲಗಿದೆ, ಮೆಲ್ಲಗೆ ಬಾ ಅಂದಾಗ ಎರಡೂ ಅರ್ಥ ಒಟ್ಟಿಗೇ ಇರುತ್ತವೆ. ನಾರ್ವೆಯ ಆ ರೈಲಿಗೆ ಇದಕ್ಕಿಂತ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಹಾಗಾಗಿ ‘ಮೆಲುಟಿವಿ’ ಅಂತ ಬರೆಯೋಣ ಅಂದುಕೊಂಡಿದ್ದೇನೆ.

ಜೊತೆಗೆ ಇನ್ನೊಂದು. ಈ ಕಾರ್ಯಕ್ರಮಗಳ ಹೆಸರಿನಲ್ಲಿ ‘ಮಿನುತ್ ಫೊರ್ ಮಿನುತ್’ ಅಂತ ಇರುತ್ತದೆ. ಅದನ್ನು ‘ನಿಮಿಷ ನಿಮಿಷವೂ’ ಮಾಡಿದ್ದೇನೆ. ನಿಮಿಷಕ್ಕೆ ಕಣ್ಣೆವೆ ಬಡಿಯುವಷ್ಟು ಹೊತ್ತು ಅನ್ನುವ ಹಳೆಯ ಅರ್ಥವೂ ಇದೆಯಲ್ಲ, ನೋಡುವ ಕಾರ್ಯಕ್ರಮಕ್ಕೆ ಅದು ಇನ್ನೂ ಚೆನ್ನ.

ನನ್ನ ಅನುಮಾನ ಇಷ್ಟು: ‘ಮೆಲುಟಿವಿ’ ಅಂದಾಗ ನಿಮ್ಮ ಕಿವಿಗೆ ಮೆಲುದನಿಯ ಮೆಲು ಕೇಳುತ್ತದಾ, ಅಥವಾ ದನ ಹಾಕುವ ಮೆಲುಕು ನೆನಪಾಗುತ್ತದಾ? ಕರಾವಳಿಯಲ್ಲಿ ‘ಮೆಲ್ಲ ಹೋಗಿ’ ಅನ್ನುವುದನ್ನು ಕೇಳಿದ್ದೇನೆ. ಆ ಕಡೆಯವರು ‘ಮೆಲ್ಲ ಟಿವಿ’ ಅಂದರೇ ಸಹಜ ಅನ್ನುತ್ತಾರಾ? ದಯವಿಟ್ಟು ನಿಮ್ಮ ಊರಿನ ಬಳಕೆಯ ಸಮೇತ ತಿಳಿಸಿ.