ಸಿಮ್ಯುಲೇಟರ್‌ನಲ್ಲಿ ಗಾಡಿ ಓಡಿಸುವ ಎಐ ಏಜೆಂಟ್‌ಗೆ ಟೂಲ್ ವಿವರಣೆ ಬರೆದವರು ಅನುಭವ ಹೇಳಿ

ಮಡಿಕೇರಿ (ಕೇಳಿದವರು): ಕಂಪ್ಯೂಟರ್‌ನಲ್ಲೇ ಗಾಡಿ ಓಡಿಸಿ ನೋಡುವ ಕಾರ್ಲಾ ಸಿಮ್ಯುಲೇಟರ್‌ಗೆ ಒಂದು ಭಾಷಾ ಮಾಡೆಲ್ (ಚಾಟ್‌ಬಾಟ್‌ಗಳ ಹಿಂದಿರುವಂಥ ಎಐ) ಜೋಡಿಸಿದ್ದೇನೆ. ಸಂಪಾಜೆ ಘಾಟಿಯಂಥ ತಿರುವಿನ ರಸ್ತೆಯಲ್ಲಿ ಮಳೆ, ಮಂಜು ಹಾಕಿ ಓಡಿಸಬೇಕು ಅಂತ ಆಸೆ. ಬ್ರೇಕ್ ಹಾಕು, ಲೇನ್ ಬದಲಿಸು ಅಂತ ಮಾಡೆಲ್ ಕರೆಯುವ ಆದೇಶಗಳು, ಅಂದರೆ ಟೂಲ್‌ಗಳು ಜಾಸ್ತಿ ಆಗಿವೆ. ಯಾವುದನ್ನು ಕರೆಯಬೇಕು ಅಂತ ಅದು ತಿಳಿಯುವುದು ನಾನು ಬರೆದ ವಿವರಣೆ ನೋಡಿ. ಬ್ರೇಕ್ ಹಾಕಬೇಕಾದಲ್ಲಿ ಏಜೆಂಟ್ ಲೇನ್ ಬದಲಿಸುತ್ತದೆ. ವಿವರಣೆ ಉದ್ದ ಬರೆಯಬೇಕಾ, ಚಿಕ್ಕದಾ? ಕನ್ನಡದಲ್ಲಿ ಬರೆದರೆ ನಡೆಯುತ್ತಾ?

ಕುಶಾಲನಗರ: ಉದ್ದವೋ ಚಿಕ್ಕದೋ ಆಮೇಲೆ. ಮೊದಲು ಅಳತೆ ಬರೆಯಿರಿ. ನನ್ನ ಕೈಗೆ ಬಂದ ಪ್ರಾಜೆಕ್ಟ್‌ನಲ್ಲಿ ಹಿಂದಿನವರು "ವೇಗ ಕೊಡುತ್ತದೆ" ಅಂತ ಒಂದು ಸಾಲು ಬರೆದು ಹೋಗಿದ್ದರು. ಕಾರ್ಲಾದಲ್ಲಿ ಗಾಡಿಯ ವೇಗ ಬರುವುದು ಸೆಕೆಂಡಿಗೆ ಮೀಟರ್‌ನಲ್ಲಿ, ವೇಗಮಿತಿ ಬರುವುದು ಗಂಟೆಗೆ ಕಿಲೋಮೀಟರ್‌ನಲ್ಲಿ. ಗಾಡಿ 50ರಲ್ಲೇ ಹೋಗುತ್ತಿದೆ, ಆದರೆ ಮಾಡೆಲ್‌ಗೆ ಕಾಣುವುದು 13.9, ಮಿತಿ 50. ಇನ್ನೂ ಬೇಕಾದಷ್ಟು ಓಡಬಹುದು ಅಂತ ಥ್ರಾಟಲ್ (ಆಕ್ಸಿಲರೇಟರ್) ಪೂರ್ತಿ ಒತ್ತಿ ತಿರುವಿನಲ್ಲಿ ಸೀದಾ ಹೊರಗೆ. ರಾತ್ರಿಯಿಡೀ ಇದೇ ಕಥೆ. ಬಾಡಿಗೆ ಜಿಪಿಯುಗೆ (ಗ್ರಾಫಿಕ್ಸ್ ಕಾರ್ಡ್) ಗಂಟೆ ಲೆಕ್ಕ, ಮಾಡೆಲ್ ಕರೆಗಳಿಗೆ ಟೋಕನ್ (ಪದದ ತುಣುಕು) ಲೆಕ್ಕ, ಲಾಗ್ ಇಟ್ಟಿದ್ದಕ್ಕೂ ಬೇರೆ ಬಿಲ್. ಇಷ್ಟೂ ನನ್ನ ಕೈಯಿಂದಲೇ ಹೋಯಿತು. ಇದಕ್ಕಿಂತ ಕೆಟ್ಟದ್ದು, ಕಾರ್ಲಾದಲ್ಲಿ ತಾನಾಗಿ ಓಡುವ ಗಾಡಿಗಳನ್ನು ನೋಡಿಕೊಳ್ಳುವ ಟ್ರಾಫಿಕ್ ಮ್ಯಾನೇಜರ್‌ನ ಶೇಕಡಾ ಲೆಕ್ಕ. ಅಲ್ಲಿ 20 ಅಂದರೆ ಮಿತಿಗಿಂತ ಶೇಕಡಾ 20 ಕಮ್ಮಿ, ಜೋರು ಹೋಗಬೇಕಂದರೆ ಮೈನಸ್ ಕೊಡಬೇಕು. ಯಾವ ಮಾಡೆಲ್ ಇದನ್ನು ತಾನಾಗಿ ಊಹಿಸುತ್ತೆ ಹೇಳಿ? ಈಗ ನನ್ನಲ್ಲಿ ಎಲ್ಲವೂ ಗಂಟೆಗೆ ಕಿಮೀ, ಪ್ಯಾರಾಮೀಟರ್ (ಟೂಲ್‌ಗೆ ಕೊಡುವ ಸಂಖ್ಯೆ) ಹೆಸರಿನಲ್ಲೇ ಅಳತೆ ಇದೆ.

ವಿರಾಜಪೇಟೆ: ಈ ಥರ ಪುರಾಣ ಬರೆಯಬೇಡಿ. ಟೂಲ್ ವಿವರಣೆ ಒಂದ್ಸಲ ಓದಿ ಮುಗಿಯುವುದಲ್ಲ, ಪ್ರತಿ ಕರೆಯ ಜೊತೆಗೂ ಹೋಗುತ್ತೆ, ಪ್ರತಿ ಸಲವೂ ಟೋಕನ್ ಎಣಿಸುತ್ತಾರೆ. ಕನ್ನಡದಲ್ಲಿ ಬರೆದರೆ ಅದೇ ಮಾತಿಗೆ ಟೋಕನ್ ಇನ್ನೂ ಜಾಸ್ತಿ. ನಾನು ಟೂಲ್‌ಗಳನ್ನೇ ಕಮ್ಮಿ ಮಾಡಿದೆ. ಥ್ರಾಟಲ್, ಬ್ರೇಕ್, ಸ್ಟಿಯರಿಂಗ್ ಮೂರೂ ಸೇರಿ ಒಂದೇ. ಸ್ಕೀಮಾದಲ್ಲಿ (ಟೂಲ್‌ಗೆ ಏನೇನು ಕೊಡಬಹುದು ಅನ್ನೋ ಪಟ್ಟಿ) ಕನಿಷ್ಠ, ಗರಿಷ್ಠ ಹಾಕಿದರೆ ಆಯ್ತು: ಥ್ರಾಟಲ್ 0ರಿಂದ 1, ಸ್ಟಿಯರಿಂಗ್ ಮೈನಸ್ 1ರಿಂದ 1. "ಇದನ್ನು ಯಾವಾಗ ಬಳಸಬಾರದು" ಅಂತ ಒಂದೇ ಒಂದು ಸಾಲು ಮೇಲೆ. ನನ್ನ ಬಿಲ್ ಇಳಿಯಿತು, ಗಾಡಿಯೂ ರಸ್ತೆ ಮೇಲೇ ಇದೆ.

ಕುಶಾಲನಗರ: ಪುರಾಣ ಅಂದ್ರಾ? ಮೈನಸ್ 1 ಎಡವೋ ಬಲವೋ ಅಂತ ನಿಮ್ಮ ಸ್ಕೀಮಾ ಹೇಳುತ್ತಾ? ಕಾರ್ಲಾದಲ್ಲಿ ಮೈನಸ್ ಎಡ. ವೈ ಅಕ್ಷ ಬಲಕ್ಕೆ ಬೆಳೆಯುತ್ತೆ, ಕಾರ್ಲಾಗೆ ಬುನಾದಿಯಾದ ಅನ್‌ರಿಯಲ್ ಗೇಮ್ ಎಂಜಿನ್‌ನಿಂದ ಬಂದ ಲೆಕ್ಕ ಅದು. ಎಕ್ಸ್ ಮುಂದಕ್ಕಾದರೆ ವೈ ಎಡಕ್ಕೆ ಅನ್ನೋ ಶಾಲೆಯ ಗ್ರಾಫ್ ಲೆಕ್ಕ ಹಿಡಿದ ಮಾಡೆಲ್ ಅಡ್ಡ ಬಂದವನನ್ನು ತಪ್ಪಿಸಲು ಹೋಗಿ ಅವನ ಮೇಲೇ ಹತ್ತಿಸುತ್ತೆ. ಕಾರ್ಲಾ ರಸ್ತೆಗಳನ್ನು ಓದುವ ಓಪನ್‌ಡ್ರೈವ್ ನಕ್ಷೆಯಲ್ಲಿ, ರಸ್ತೆಗೆ ಎಳೆದ ಮೂಲ ಗೆರೆಯ ಬಲದ ಲೇನ್‌ಗಳಿಗೆ ಮೈನಸ್ ಸಂಖ್ಯೆ, ಎಡದವಕ್ಕೆ ಪ್ಲಸ್. ನಾವು ಎಡಗಡೆ ಓಡಿಸುವವರು, ಆ ಗೆರೆಯ ದಿಕ್ಕಿನಲ್ಲೇ ಹೋದರೆ ನಮ್ಮ ಲೇನ್ ಪ್ಲಸ್ ಆಗುತ್ತೆ. ಇದನ್ನು ಬರೆಯದೆ ಘಾಟಿ ಹತ್ತಿಸಿದರೆ ಎದುರು ಬರುವ ಬಸ್ಸಿಗೆ ಮುಖಾಮುಖಿ.

ಗೋಣಿಕೊಪ್ಪ: ಇಬ್ಬರೂ ಸಮಯದ ಮಾತೇ ಎತ್ತಿಲ್ಲ. ಸಿಂಕ್ರೊನಸ್ ಮೋಡ್ (ನಾವು ಹೇಳುವವರೆಗೆ ಸಿಮ್ಯುಲೇಟರ್ ಕಾಯುವ ಕ್ರಮ) ಹಾಕದಿದ್ದರೆ ಮಾಡೆಲ್ ಯೋಚನೆ ಮಾಡುವಾಗಲೂ ಗಾಡಿ ಓಡುತ್ತಾನೇ ಇರುತ್ತೆ. 50ರ ವೇಗದಲ್ಲಿ 3 ಸೆಕೆಂಡ್ ಅಂದರೆ ಹತ್ತಿರ ಹತ್ತಿರ 42 ಮೀಟರ್. ಕೊಟ್ಟ ಥ್ರಾಟಲ್ ಮುಂದಿನ ಆದೇಶದವರೆಗೆ ಹಾಗೇ ನಿಲ್ಲುತ್ತೆ, ಇದನ್ನು ವಿವರಣೆಯಲ್ಲಿ ಹೇಳಲೇಬೇಕು. ನಾನು ಒಂದು ಟಿಕ್‌ಗೆ (ಸಿಮ್ಯುಲೇಟರ್‌ನ ಒಂದು ಹೆಜ್ಜೆ) 0.05 ಸೆಕೆಂಡ್ ಇಟ್ಟು, "ಇಷ್ಟು ಟಿಕ್ ಹಿಡಿ" ಅಂತ ಪ್ಯಾರಾಮೀಟರ್ ಸೇರಿಸಿದೆ. ಇದಕ್ಕೆಲ್ಲ ಮನೆಯಲ್ಲೇ ಮೆಷಿನ್ ಕಟ್ಟಿದ್ದು, ಕಾರ್ಡ್, ಯುಪಿಎಸ್, ಬ್ಯಾಟರಿ ಎಲ್ಲ ಸೇರಿ ಎರಡು ಲಕ್ಷ ದಾಟಿತು. ಮಳೆಗಾಲದಲ್ಲಿ ಕರೆಂಟ್ ಹೋಗಿ ಹೋಗಿ ಬ್ಯಾಟರಿ ಆಗಲೇ ಸತ್ತಿದೆ.

ವಿರಾಜಪೇಟೆ: ಅದಕ್ಕೇ ಹೇಳೋದು, ಬಾಡಿಗೆ ಮೆಷಿನ್ ತಗೊಳ್ಳಿ ಅಂತ.

ಗೋಣಿಕೊಪ್ಪ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಟ್ ಸರಿಯಾಗಿ ಇರುತ್ತಾ ನಿಮ್ಮ ಕಡೆ? ಮರ ಬಿದ್ದು ಕೇಬಲ್ ಹರಿದರೆ ನಿಮ್ಮ ಬಾಡಿಗೆ ಮೆಷಿನ್ ಮೀಟರ್ ನಿಲ್ಲಿಸುತ್ತಾ?

ಸೋಮವಾರಪೇಟೆ: ಮಂಜಿನ ಬಗ್ಗೆ ನನ್ನದೊಂದು. "ಮುಂದೆ ಏನಿದೆ" ಅನ್ನೋ ಟೂಲ್ ಖಾಲಿ ಪಟ್ಟಿ ಕೊಟ್ಟರೆ ಏಜೆಂಟ್ ರಸ್ತೆ ಖಾಲಿ ಅಂತಲೇ ತಿಳಿಯುತ್ತೆ. ಕ್ಯಾಮೆರಾಗೆ ಕಾಣಿಸದೇ ಖಾಲಿ ಬಂದಿರಬಹುದು. ನಾನು ಉತ್ತರದಲ್ಲಿ "ಎಷ್ಟು ಮೀಟರ್‌ವರೆಗೆ ಕಂಡಿತು" ಅಂತ ಸೇರಿಸಿದ ಮೇಲೇ ಅದು ನಿಧಾನ ಮಾಡಲು ಶುರುಮಾಡಿದ್ದು. ಮಳೆ ಹಾಕುವ ಟೂಲ್‌ಗೆ "ರಸ್ತೆ ಜಾರುತ್ತದೆ" ಅಂತ ದಯವಿಟ್ಟು ಬರೆಯಬೇಡಿ. ಕಾರ್ಲಾದಲ್ಲಿ ಹವಾಮಾನ ಕಣ್ಣಿಗೆ ಮಾತ್ರ, ಟೈರಿನ ಹಿಡಿತ ಬದಲಾಗೋದಿಲ್ಲ.

ವಿರಾಜಪೇಟೆ: ಹಾಗಾದ್ರೆ ಸಂಪಾಜೆ ಯಾಕೆ ಬೇಕು, ಬಯಲು ರಸ್ತೆಯಲ್ಲೇ ಓಡಿಸಬಹುದಲ್ವಾ?

ಸೋಮವಾರಪೇಟೆ: 2018ರ ಆಗಸ್ಟ್‌ನಲ್ಲಿ ಅದೇ ರಸ್ತೆ ಗುಡ್ಡ ಕುಸಿದು ಬಂದ್ ಆಗಿದ್ದು ಮರೆತ್ರಾ? ನಮ್ಮ ಜನ ದಿನಾ ಓಡಾಡುವ ರಸ್ತೆ ಸ್ವಾಮಿ ಅದು. ಹಿಡಿತ ಕಮ್ಮಿ ಮಾಡೋಕೆ ಫ್ರಿಕ್ಷನ್ ಟ್ರಿಗರ್ ಅಂತ ಬೇರೆಯೇ ಇದೆ. ಅದನ್ನು ಇಟ್ಟು, ಎಲ್ಲಿ ಇಟ್ಟಿದ್ದೀರಿ ಅಂತ ಟೂಲ್ ಉತ್ತರದಲ್ಲಿ ಹೇಳಿ.

ವಿರಾಜಪೇಟೆ: ಅದನ್ನೂ ಏಜೆಂಟ್‌ಗೆ ಹೇಳಿಬಿಟ್ಟರೆ ಪರೀಕ್ಷೆ ಏನು ಬಂತು? ನಿಜವಾದ ಡ್ರೈವರ್‌ಗೆ ಯಾರು ಹೇಳ್ತಾರೆ?

ಕುಶಾಲನಗರ: ಮೊದಲು ನಿಮ್ಮ ಆ ಒಂದು ಸಾಲಿನ ವಿವರಣೆ ಇಲ್ಲಿ ಹಾಕಿ. ಓದಿ ನೋಡ್ತೇವೆ.