ಒಂದೇ ಸಿಪಿಯುನಲ್ಲಿ ಇಬ್ಬರು ಒಟ್ಟಿಗೆ ಕೆಲಸ ಮಾಡಬಹುದಾ?

ಪ್ರಶ್ನೆ: ಸರ್, ಮನೆಯಲ್ಲಿ ಒಂದೇ ಕಂಪ್ಯೂಟರ್. ಐ5, 8 ಜಿಬಿ ರ‍್ಯಾಮ್, ವಿಂಡೋಸ್ 11 ಹೋಮ್. ಮಗಳು ಪಿಯುಸಿ, ಪೈಥಾನ್ ಕಲಿಯುತ್ತಿದ್ದಾಳೆ. ಅದೇ ಹೊತ್ತಿಗೆ ನನ್ನ ಹೆಂಡತಿಗೆ ಟೈಲರಿಂಗ್ ಲೆಕ್ಕ ಬರೆಯಬೇಕು. ಇನ್ನೊಂದು ಮಾನಿಟರ್, ಕೀಬೋರ್ಡ್, ಮೌಸ್ ತಂದು ಹಾಕಿದೆ. ಮೌಸ್ ಎರಡಿದ್ದರೂ ಬಾಣ ಒಂದೇ. ಮಗಳು ಟೈಪ್ ಮಾಡಿದ್ದು ಅಮ್ಮನ ಎಕ್ಸೆಲ್‌ನಲ್ಲಿ ಬೀಳುತ್ತಿದೆ. ಏನು ಮಾಡಲಿ?

ಉತ್ತರ: ಕಂಪ್ಯೂಟರ್ ಕೆಟ್ಟಿಲ್ಲ ಸರ್. ಮನೆಬಳಕೆಯ ವಿಂಡೋಸ್ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಪರದೆ ಕೊಡುತ್ತದೆ. ಎಷ್ಟು ಕೀಬೋರ್ಡ್ ಸಿಕ್ಕಿಸಿದರೂ ಎಲ್ಲವೂ ಆ ಒಬ್ಬರ ಲೆಕ್ಕಕ್ಕೇ ಹೋಗುತ್ತವೆ. ವಿಂಡೋಸ್ ಬಿಡಲು ಆಗದಿದ್ದರೆ ಒಂದೇ ಕಂಪ್ಯೂಟರನ್ನು ಇಬ್ಬರಿಗೆ ಹಂಚಿಕೊಡುವ ಆಸ್ಟರ್ ಅಂತ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕು.

ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್‌ನಲ್ಲಿ ಇದು ಪುಕ್ಕಟೆ. ಅಲ್ಲಿ ಇದಕ್ಕೆ ಮಲ್ಟಿಸೀಟ್ ಅನ್ನುತ್ತಾರೆ. ಮೊದಲ ಜಾಗ ಸೀಟ್ 0, ಎರಡನೆಯದು ಸೀಟ್ 1. ಎರಡನೇ ಮಾನಿಟರ್, ಕೀಬೋರ್ಡ್, ಮೌಸನ್ನು ಲಾಗಿನ್‌ಸಿಟಿಎಲ್ (loginctl) ಎಂಬ ಕಮಾಂಡ್‌ನಿಂದ ಸೀಟ್ 1ಕ್ಕೆ ಸೇರಿಸಿದರೆ ಅಲ್ಲಿ ಬೇರೆಯದೇ ಲಾಗಿನ್ ಪರದೆ ಬರುತ್ತದೆ. ಆದರೆ ಒಂದು ಮಾತು: ಪ್ರತಿ ಸೀಟಿಗೂ ಬೇರೆ ಗ್ರಾಫಿಕ್ಸ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗ, ಬೇಕು. ಕಂಪ್ಯೂಟರಿನಲ್ಲಿ ಮೊದಲೇ ಇರುವುದು ಒಬ್ಬರಿಗೆ, ಇನ್ನೊಬ್ಬರಿಗೆ ಒಂದು ಗ್ರಾಫಿಕ್ಸ್ ಕಾರ್ಡ್. ಕಾರ್ಡ್ ಹಾಕಿದ ಕೂಡಲೇ ಎಷ್ಟೋ ಮದರ್‌ಬೋರ್ಡ್‌ಗಳು ಆ ಮೊದಲಿನ ಗ್ರಾಫಿಕ್ಸನ್ನು ತಾವೇ ಆಫ್ ಮಾಡುತ್ತವೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸ್‌ನಲ್ಲಿ) ಅದನ್ನು ಮತ್ತೆ ಆನ್ ಮಾಡಬೇಕು. ತುಂಬಾ ಜನ ಸೋಲುವುದು ಇಲ್ಲೇ, ಆಮೇಲೆ ಸುಮ್ನೆ ಕಾರ್ಡನ್ನು ಬೈಯುತ್ತಾರೆ.

ಪ್ರಶ್ನೆ: ಕಾರ್ಡಿಗೆ ಈಗ ದುಡ್ಡಿಲ್ಲ ಸರ್. ಒಂದು ಹಳೇ ಲ್ಯಾಪ್‌ಟಾಪ್ ಇದೆ, ಆದರೆ ತುಂಬಾ ನಿಧಾನ.

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ! ಹಾಗಿದ್ದರೆ ಕಾರ್ಡ್ ಬೇಡವೇ ಬೇಡ. ದೊಡ್ಡ ಕಂಪ್ಯೂಟರಿಗೆ ಕ್ಸುಬುಂಟು ಅನ್ನುವ ಹಗುರ ಲಿನಕ್ಸ್ ಹಾಕಿ, ಇಬ್ಬರಿಗೂ ಬೇರೆ ಬೇರೆ ಅಕೌಂಟ್ ಮಾಡಿ, ಬೇರೆ ಕಂಪ್ಯೂಟರಿನಿಂದ ಇದಕ್ಕೆ ಲಾಗಿನ್ ಆಗಲು ಬಿಡುವ ಎಕ್ಸ್‌ಆರ್‌ಡಿಪಿ (xrdp) ಇನ್‌ಸ್ಟಾಲ್ ಮಾಡಿ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಇದ್ದರೆ ಇರಲಿ. ಅದರ ರಿಮೋಟ್ ಡೆಸ್ಕ್‌ಟಾಪ್‌ನಿಂದ ಮಗಳು ತನ್ನ ಅಕೌಂಟಿಗೆ ಲಾಗಿನ್ ಆಗಲಿ. ಅವಳ ಪ್ರೋಗ್ರಾಂ ಓಡುವುದು ದೊಡ್ಡ ಕಂಪ್ಯೂಟರಿನಲ್ಲಿ, ಲ್ಯಾಪ್‌ಟಾಪ್ ಬರೀ ಪರದೆ ತೋರಿಸುತ್ತದೆ. ವೈಫೈಗಿಂತ ರೌಟರಿನಿಂದ ಕೇಬಲ್ ಎಳೆದರೆ ಒಳ್ಳೆಯದು. ವಿಡಿಯೊ ಮಾತ್ರ ಚೆನ್ನಾಗಿ ಬರಲ್ಲ, ಕೋಡಿಂಗಿಗೆ ತೊಂದರೆಯಿಲ್ಲ. ಇಬ್ಬರೂ ಬ್ರೌಸರ್ ತೆರೆದರೆ 8 ಜಿಬಿ ಇಕ್ಕಟ್ಟಾಗುತ್ತದೆ, ಮುಂದೆ 16 ಮಾಡಿಸಿ.

ಎಕ್ಸೆಲ್ ಬದಲು ಲಿಬ್ರೆ ಆಫೀಸ್ ಸಿಗುತ್ತದೆ, ಹಳೇ ಫೈಲ್ ಅದರಲ್ಲಿ ತೆರೆಯುತ್ತದೆ. ಮೊದಲು ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ಹೆಂಡತಿಯವರಿಗೆ ತೋರಿಸಿ. ಒಪ್ಪಿದರೆ, ಲೆಕ್ಕದ ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಇಟ್ಟುಕೊಂಡೇ ಇನ್‌ಸ್ಟಾಲ್ ಮಾಡಿ. ಕೆಲಸ ಮುಗಿದ ಮೇಲೆ ಹೆಂಡತಿಯವರು ಶಟ್‌ಡೌನ್ ಒತ್ತುವುದು ಬೇಡ, ಲಾಗ್‌ಔಟ್ ಸಾಕು. ಮಗಳು ಒಳಗೆ ಇನ್ನೂ ಬರೆಯುತ್ತಿರಬಹುದು.