ಕಾಲೇಜ್ ಟೆನಿಸ್ ಆದ ಮೇಲೆ ಪ್ರೊ ಆಗೋದು ಹೇಗೆ ಸರ್?

ಪ್ರಶ್ನೆ (ಕಲಬುರಗಿ): ನಮಸ್ಕಾರ ಸರ್. ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ, ವಯಸ್ಸು 20. ಎರಡು ವರ್ಷದಿಂದ ಯೂನಿವರ್ಸಿಟಿ ಟೀಮಿನಲ್ಲಿದ್ದೇನೆ. 2023ರಲ್ಲಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್) ಟೂರ್ನಿ ನಡೆದಾಗ ದಿನಾ ಹೋಗಿ ಕೂತು ನೋಡಿದೆ, ಆವತ್ತಿನಿಂದ ತಲೆಯಲ್ಲಿ ಅದೊಂದೇ. ಕಾಲೇಜ್ ಬಿಟ್ಟು ಪೂರ್ತಿ ಟೆನಿಸ್‌ಗೆ ಇಳಿಯಲಾ? ಅಪ್ಪ ಒಪ್ಪುತ್ತಿಲ್ಲ.

ಉತ್ತರ (ಕೋಚ್): ತಮ್ಮಾ, ಕಾಲೇಜ್ ಬಿಡಬೇಡ. ಹುಡುಗರನ್ನು ಕರೆದುಕೊಂಡು ಐಟಿಎಫ್ ಟೂರ್ನಿಗಳನ್ನು ಸುತ್ತಿದವನು ನಾನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನೀನು ನೋಡಿದ ಆ ಟೂರ್ನಿ ಎಂ25, ಅಂದರೆ ಐಟಿಎಫ್ ಪುರುಷರ ಟೂರ್ನಿಗಳ ಎರಡು ಮಟ್ಟದಲ್ಲಿ ಮೇಲಿನದು. ಗೆದ್ದಿದ್ದು ರಾಮಕುಮಾರ್ ರಾಮನಾಥನ್, 2018ರಲ್ಲಿ ಜಗತ್ತಿನ 111ನೇ ರ‍್ಯಾಂಕ್‌ವರೆಗೆ ಹೋಗಿ ಬಂದವರು. ಅಂಥವರೂ ಆ ಮಟ್ಟದಲ್ಲಿ ಆಡುತ್ತಾರೆ ಅಂದರೆ ಅಲ್ಲಿ ಸುಲಭದ ಮ್ಯಾಚ್ ಸಿಗಲ್ಲ ಅಂತ ನಿನಗೇ ಗೊತ್ತಾಗುತ್ತೆ, ಅಲ್ವಾ?

ಪ್ರೊ ಆಟ ಶುರುವಾಗೋದು ಎಲ್ಲಕ್ಕಿಂತ ಕೆಳಗಿನ ಎಂ15ರಿಂದ, ಆಮೇಲೆ ಎಂ25, ಅದರ ಮೇಲೆ ಚಾಲೆಂಜರ್, ಕೊನೆಗೆ ಎಟಿಪಿ ಟೂರ್. ಯೂನಿವರ್ಸಿಟಿಯಲ್ಲಿ ಎಷ್ಟೇ ಗೆದ್ದಿದ್ದರೂ ಒಂದು ಎಟಿಪಿ ಪಾಯಿಂಟೂ (ಪುರುಷರ ವಿಶ್ವ ರ‍್ಯಾಂಕ್ ಲೆಕ್ಕಕ್ಕೆ ಬರೋ ಪಾಯಿಂಟ್) ಬರಲ್ಲ. ಎಂ15 ಮೇನ್ ಡ್ರಾದಲ್ಲಿ (ಟೂರ್ನಿಯ ಮುಖ್ಯ ಸುತ್ತುಗಳಲ್ಲಿ) ಒಂದು ಮ್ಯಾಚ್ ಗೆದ್ದರೆ 1 ಪಾಯಿಂಟ್, ಟೂರ್ನಿ ಗೆದ್ದರೆ 15. ಆ ಮೊದಲ ಒಂದು ಪಾಯಿಂಟಿಗೆ ಒಳ್ಳೊಳ್ಳೆ ಹುಡುಗರು ವರ್ಷಗಟ್ಟಲೆ ಒದ್ದಾಡಿದ್ದನ್ನು ನೋಡಿದ್ದೇನೆ. ಯಾಕಂದರೆ ರ‍್ಯಾಂಕ್ ಇಲ್ಲದವನು ಮೊದಲು ಕ್ವಾಲಿಫೈಯಿಂಗ್, ಅಂದರೆ ಮೇನ್ ಡ್ರಾಗೆ ಹೋಗೋ ಅರ್ಹತಾ ಸುತ್ತು ದಾಟಬೇಕು. ಅಲ್ಲಿ ಮೂರನೇ ಸೆಟ್ ಇಲ್ಲ, ಅದರ ಬದಲು 10 ಪಾಯಿಂಟಿನ ಟೈಬ್ರೇಕ್. ಹತ್ತು ನಿಮಿಷ ಮನಸ್ಸು ಅಲುಗಾಡಿದರೆ ವಾರ ಮುಗಿದ ಹಾಗೆ.

ಹಾಗಾಗಿ ಈಗ ಡಿಗ್ರಿ ಜೊತೆಗೇ ಎಐಟಿಎ (ಅಖಿಲ ಭಾರತ ಟೆನಿಸ್ ಸಂಸ್ಥೆ) ಪುರುಷರ ಟೂರ್ನಿ ಆಡು, ರಾಷ್ಟ್ರೀಯ ರ‍್ಯಾಂಕ್ ಮಾಡಿಕೋ. ಕ್ವಾಲಿಫೈಯಿಂಗ್‌ಗೆ ಎಂಟ್ರಿ ಸಿಗೋಕೆ ಅದು ಕೈ ಹಿಡಿಯುತ್ತೆ. ಐಟಿಎಫ್ ವೆಬ್‌ಸೈಟಿನಲ್ಲಿ ಐಪಿನ್ ಅನ್ನೋ ಆಟಗಾರರ ನೋಂದಣಿ ನಂಬರ್ ತೆಗೆದುಕೋ, ಅದಿಲ್ಲದೆ ಎಂಟ್ರಿ ಹಾಕೋಕೇ ಆಗಲ್ಲ. ಟೂರ್ನಿ ಶುರುವಾಗೋ ಸೋಮವಾರಕ್ಕೆ 18 ದಿನ ಮುಂಚಿನ ಗುರುವಾರ, ನಮ್ಮ ಸಮಯ ಸಂಜೆ 7.30ಕ್ಕೆ ಎಂಟ್ರಿ ಮುಚ್ಚುತ್ತೆ. ನಮ್ಮ ಹುಡುಗನೊಬ್ಬ ರಾತ್ರಿ ಊಟ ಆದ ಮೇಲೆ ಹಾಕಿದರಾಯ್ತು ಅಂದುಕೊಂಡು ಒಂದು ಟೂರ್ನಿಯನ್ನೇ ಕಳೆದುಕೊಂಡ.

ಇನ್ನು ದುಡ್ಡು. ಎಂ15 ಸಿಂಗಲ್ಸ್ ಗೆದ್ದರೆ 2,160 ಡಾಲರ್, ಮೊದಲ ಸುತ್ತಿನಲ್ಲೇ ಸೋತರೆ 156. ಕ್ವಾಲಿಫೈಯಿಂಗ್‌ನಲ್ಲಿ ಸೋತರೆ ಕೈಗೆ ಏನೂ ಇಲ್ಲ. ಟ್ರೈನು, ರೂಮು, ಊಟ, ರಾಕೆಟ್ಟಿಗೆ ತಂತಿ ಹಾಕಿಸೋದು ಎಲ್ಲಾ ಇದರಲ್ಲೇ ಬರಬೇಕು. ಅಪ್ಪ ಹೆದರೋದರಲ್ಲಿ ತಪ್ಪಿಲ್ಲ ತಮ್ಮಾ. ಅವರ ಮುಂದೆ ಆಸೆ ಇಟ್ಟರೆ ಸಾಲದು, ಒಂದು ವರ್ಷದ ಖರ್ಚಿನ ಲೆಕ್ಕ ಬರೆದು ಇಡು.

ಪ್ರಶ್ನೆ (ಬೀದರ್): ನಮಸ್ಕಾರ ಸರ್, ನನ್ನ ಮಗಳು ಈಗ 10ನೇ ಕ್ಲಾಸ್, ರಾಜ್ಯ ಮಟ್ಟದಲ್ಲಿ ಆಡುತ್ತಾಳೆ. ಅಮೆರಿಕದ ಕಾಲೇಜಿಗೆ ಸ್ಕಾಲರ್‌ಶಿಪ್ ಮೇಲೆ ಕಳಿಸಿ ಅಂತ ಕೆಲವರು ಹೇಳುತ್ತಾರೆ. ನಾಲ್ಕು ವರ್ಷ ಅಲ್ಲೇ ಓದುತ್ತಾ ಕೂತರೆ ಪ್ರೊ ಆಗೋಕೆ ತಡ ಆಗಲ್ವಾ?

ಉತ್ತರ: ತಡ ಆಗಲ್ಲ ರೀ. ಅಮೆರಿಕದ ಆಟಗಾರ್ತಿ ಡೇನಿಯಲ್ ಕಾಲಿನ್ಸ್ ವರ್ಜೀನಿಯಾ ಯೂನಿವರ್ಸಿಟಿಯಿಂದ 2014, 2016ರಲ್ಲಿ ಅಮೆರಿಕದ ಕಾಲೇಜ್ ಸಿಂಗಲ್ಸ್ ಚಾಂಪಿಯನ್ ಆದರು, 2022ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ಆಡಿದರು. ನಮ್ಮ ಸೋಮದೇವ್ ದೇವವರ್ಮನ್ ಕೂಡ ಅದೇ ಯೂನಿವರ್ಸಿಟಿ. 2007, 2008ರಲ್ಲಿ ಸತತ ಎರಡು ಸಲ ಪುರುಷರ ಕಾಲೇಜ್ ಪಟ್ಟ ಗೆದ್ದು, ಆಮೇಲೆ ಪ್ರೊ ಆಗಿ 62ನೇ ರ‍್ಯಾಂಕ್ ತಲುಪಿದರು. ಅಲ್ಲಿ ಜನವರಿಯಿಂದ ಮೇವರೆಗೆ ವಾರ ವಾರ ಮ್ಯಾಚ್ ಇರುತ್ತೆ, ಕೋಚ್, ಜಿಮ್, ಫಿಸಿಯೋ ಎಲ್ಲಾ ಕಾಲೇಜಿನದ್ದೇ. ನಮ್ಮಲ್ಲಿ ಇಂಟರ್ ಯೂನಿವರ್ಸಿಟಿಗೆ ಹೋದ ಮಗು ಒಂದು ವರ್ಷದಲ್ಲಿ ಎಷ್ಟು ಮ್ಯಾಚ್ ಆಡುತ್ತೆ ಹೇಳಿ? ನನಗೆ ಕಾಣೋ ದೊಡ್ಡ ಕೊರತೆ ಇದೇ. ನಮ್ಮ ಮಕ್ಕಳ ಹೊಡೆತ ಚೆನ್ನಾಗಿದೆ, ಮ್ಯಾಚ್ ಕಡಿಮೆ.

ಆದರೆ ಈಗಿನಿಂದಲೇ ಮಾರ್ಕ್ಸ್ ಕಡೆ ನೋಡಿ, ಅವರು 9ರಿಂದ 12ರವರೆಗಿನ ಅಂಕ ಕೇಳುತ್ತಾರೆ. ಪಿಯುಸಿ ಆದ ಮೇಲೆ ಟೂರ್ನಿ ಆಡಿಸುತ್ತಾ ಒಂದು ವರ್ಷ ಸುಮ್ನೆ ಕೂರಿಸಬೇಡಿ, ತಡವಾಗಿ ಸೇರಿದರೆ ಕಾಲೇಜಿಗೆ ಆಡುವ ವರ್ಷಗಳು ಕಡಿಮೆಯಾಗಬಹುದು. ಏಜೆಂಟರಿಗೆ ಲಕ್ಷಗಟ್ಟಲೆ ಕೊಡೋದು ಬೇಡ. ಮಗಳೇ ಕೂತು ಅಲ್ಲಿನ ಕೋಚ್‌ಗಳಿಗೆ ಇಮೇಲ್ ಬರೆಯಲಿ, ಬರೀ ಒಳ್ಳೆ ಶಾಟ್ ಜೋಡಿಸಿದ ವಿಡಿಯೋ ಬದಲು ಒಂದು ಪೂರ್ತಿ ಮ್ಯಾಚ್ ಕಳಿಸಲಿ. ಸೋತ ಮ್ಯಾಚ್ ಆದರೂ ಪರವಾಗಿಲ್ಲ, ಸೋಲುವಾಗ ಹೇಗೆ ನಡೆದುಕೊಳ್ಳುತ್ತಾಳೆ ಅಂತಲೂ ಅವರು ನೋಡುತ್ತಾರೆ.

ಸೊಲ್ಲಾಪುರದಲ್ಲಿ ಮಹಿಳೆಯರ ಐಟಿಎಫ್ ನಡೆದಿದೆ. ಮತ್ತೆ ನಡೆದರೆ ಮಗಳನ್ನು ಕರೆದುಕೊಂಡು ಹೋಗಿ, ಫೈನಲ್‌ಗಿಂತ ಮೊದಲು ಕ್ವಾಲಿಫೈಯಿಂಗ್ ದಿನ ತೋರಿಸಿ.

ಪ್ರಶ್ನೆ (ಕಲಬುರಗಿ): ಸರ್, ಲೆಕ್ಕ ಬರೆದು ಅಪ್ಪನಿಗೆ ತೋರಿಸಿದೆ. ಡಿಗ್ರಿ ಮುಗಿದ ಮೇಲೆ ಒಂದು ವರ್ಷ ನೋಡೋಣ ಅಂದರು! ಸಿಂಗಲ್ಸ್ ಮಾತ್ರ ಆಡಲಾ, ಡಬಲ್ಸ್ ಕೂಡ ಆಡಲಾ?

ಉತ್ತರ: ಭಾಳ ಖುಷಿಯಾಯಿತು ತಮ್ಮಾ. ಎರಡೂ ಆಡು. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದು ಡಬಲ್ಸ್‌ನಲ್ಲಿ. ಸಿಂಗಲ್ಸ್‌ನಲ್ಲಿ ಬೇಗ ಸೋತ ವಾರವೂ ಇನ್ನೊಂದು ಮ್ಯಾಚ್ ಸಿಗುತ್ತೆ. ನಿನ್ನ ಯೂನಿವರ್ಸಿಟಿ ಟೀಮಿನಲ್ಲೇ ಒಬ್ಬ ಜೊತೆಗಾರನನ್ನು ಈಗಲೇ ಗೊತ್ತು ಮಾಡಿಕೋ, ರೂಮ್ ಬಾಡಿಗೆಯೂ ಅರ್ಧ ಆಗುತ್ತೆ.